ಒಲೆಯೂ ತೂಗಬೇಕು, ಹಾಸಿಗೆಯೂ ಕಟ್ಟಬೇಕು: ಹಾಯಿದೋಣಿಯ ದಿನಗಳು

2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟ ಐಎನ್‌ಎಸ್‌ವಿ ತಾರಿಣಿ, ಭೂಮಿಯನ್ನು ಒಂದು ಸುತ್ತು ಹಾಕಿ 2018ರ ಮೇ 21ರಂದು ಗೋವಾಕ್ಕೇ ವಾಪಸ್ ಬಂತು. 56 ಅಡಿ ಉದ್ದದ ಹಾಯಿದೋಣಿ. ಒಳಗೆ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು: ನಾಯಕಿ ವರ್ತಿಕಾ ಜೋಶಿ, ಜೊತೆಗೆ ಪ್ರತಿಭಾ ಜಮ್ವಾಲ್, ಪಿ. ಸ್ವಾತಿ, ಐಶ್ವರ್ಯಾ ಬೊಡ್ಡಪಾಟಿ, ವಿಜಯಾ ದೇವಿ, ಪಾಯಲ್ ಗುಪ್ತಾ. ಒಟ್ಟು 254 ದಿನ. ಅದರಲ್ಲಿ ಬಂದರುಗಳಲ್ಲಿ ನಿಂತಿದ್ದು ಬಿಟ್ಟರೆ 199 ದಿನ ನೀರಿನ ಮೇಲೆ. ದೂರ 21,600 ನಾಟಿಕಲ್ ಮೈಲಿ, ಅಂದರೆ ಸುಮಾರು 40,000 ಕಿಲೋಮೀಟರ್. ಲೆಕ್ಕ ಹಾಕಿ ನೋಡಿ, ಗಂಟೆಗೆ ಎಂಟು ಕಿಲೋಮೀಟರ್ ಚಿಲ್ಲರೆ ಬರುತ್ತದೆ. ಆರಾಮಾಗಿ ಸೈಕಲ್ ತುಳಿದುಕೊಂಡು ಹೋಗುವ ವೇಗದಲ್ಲಿ ಇವರು ಭೂಮಿ ಸುತ್ತಿದರು.

ಇದನ್ನೆಲ್ಲ ಪೇಪರಿನಲ್ಲಿ ಓದಿದಾಗ ನನ್ನ ತಲೆ ಹೊಕ್ಕಿದ್ದು ಸಣ್ಣ ಸಣ್ಣ ಪ್ರಶ್ನೆಗಳು. ಅಷ್ಟು ದಿನ ಅನ್ನ ಮಾಡುವುದು ಹೇಗೆ? ಮಲಗುವುದು ಎಲ್ಲಿ? ಒದ್ದೆ ಬಟ್ಟೆ ಒಣಗುತ್ತದಾ? ಹುಡುಕುತ್ತಾ ಹೋದ ಹಾಗೆ ಗೊತ್ತಾಗಿದ್ದು, ಎಲ್ಲದರ ಉತ್ತರವೂ ಗಾಳಿಯ ಹತ್ತಿರವೇ ಇದೆ. ಮನೆಯಲ್ಲಿ ನಾವು ಮಳೆ ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ದೋಣಿಯಲ್ಲಿ ಆ ಬಾಗಿಲೇ ಇಲ್ಲ.

ಮೊದಲು ಅಡುಗೆಮನೆ. ಪಕ್ಕದಿಂದ ಗಾಳಿ ಹಿಡಿದು ಓಡುವ ಹಾಯಿದೋಣಿ ನೆಟ್ಟಗೆ ನಿಲ್ಲುವುದಿಲ್ಲ. ಒಂದು ಬದಿಗೆ ವಾಲಿಕೊಂಡೇ ಹೋಗುತ್ತದೆ. 20 ಡಿಗ್ರಿ ವಾಲುವುದು ಮಾಮೂಲು. ಗಾಳಿಯ ದಿಕ್ಕು ಬದಲಾಗದಿದ್ದರೆ ದಿನಗಟ್ಟಲೆ ಅದೇ ವಾಟ. ಅದಕ್ಕೇ ಒಲೆಯನ್ನು ಎರಡು ಕೀಲುಗಳ ಮೇಲೆ ತೊಟ್ಟಿಲಿನ ಹಾಗೆ ತೂಗುಹಾಕಿರುತ್ತಾರೆ. ದೋಣಿ ಎಷ್ಟೇ ವಾಲಲಿ, ಒಲೆಯ ಭಾರ ಕೆಳಗಿರುವುದರಿಂದ ಅದು ತಾನೇ ಸಮ ಮಾಡಿಕೊಳ್ಳುತ್ತದೆ, ಪಾತ್ರೆಯೂ ಸಮವಾಗಿರುತ್ತದೆ. ಅಡುಗೆ ಮಾಡುವವರು ಮಾತ್ರ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನಿಲ್ಲಬೇಕು. ಸಮುದ್ರ ಒರಟಾಗಿದ್ದ ದಿನ ಒಗ್ಗರಣೆಯ ಯೋಚನೆಯೇ ಬೇಡ, ಕುದಿಯುವ ಎಣ್ಣೆ ಮೈಮೇಲೆ ಬಿದ್ದರೆ ಆಸ್ಪತ್ರೆ ಸಾವಿರಾರು ಕಿಲೋಮೀಟರ್ ಆಚೆ. ಕುಕ್ಕರಿನ ಮುಚ್ಚಳ ಬಿಗಿಯಾಗಿ ಕೂರುತ್ತದಲ್ಲ, ಅದು ಅಲ್ಲಿ ದೊಡ್ಡ ವರ.

ನಿದ್ದೆಯೂ ಹಾಗೆಯೇ. ಹಾಸಿಗೆಯ ಬದಿಗೆ ಗಟ್ಟಿ ಬಟ್ಟೆ ಎತ್ತಿ ಕಟ್ಟುತ್ತಾರೆ, ಉರುಳಿ ಬೀಳದಿರಲಿ ಅಂತ. ಇಂಥ ದೋಣಿಗಳಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಗಂಟೆಯ ಪಾಳಿ ಇರುತ್ತದೆ. ರಾತ್ರಿಯೆಲ್ಲ ಯಾರಾದರೂ ಎದ್ದಿರಲೇಬೇಕು. ಬೆಳಗಿನ ಜಾವದ ಪಾಳಿ ತುಂಬಾ ಕಷ್ಟ. ಆ ಹೊತ್ತಿನಲ್ಲಿ ಮೈಯ ಬಿಸಿ ದಿನದಲ್ಲೇ ಅತಿ ಕಡಿಮೆ ಇರುತ್ತದೆ, ಎಚ್ಚರವೂ ಅಷ್ಟೇ ಕಡಿಮೆ. ಗಾಳಿ ಏನು ಮಾಡುತ್ತಿದೆ ಅಂತ ಸರಿಯಾಗಿ ನೋಡಬೇಕಾದವರಿಗೆ ಕಣ್ಣು ಎಳೆಯುವುದೂ ಆಗಲೇ.

ಗೋವಾದಿಂದ ತೆಂಕಣಕ್ಕೆ ಹೋದರೆ ಮೊದಲು ಸಿಗುವುದು ಸಮಭಾಜಕ ವೃತ್ತದ ಆಸುಪಾಸಿನ ಗಾಳಿಯಿಲ್ಲದ ಪಟ್ಟಿ, ನಾವಿಕರು ಡೋಲ್ಡ್ರಮ್ಸ್ ಅನ್ನುತ್ತಾರೆ. ಅಲ್ಲಿ ಬಿಸಿಲಿಗೆ ಕಾದ ಗಾಳಿ ಅಡ್ಡಕ್ಕೆ ಬೀಸುವ ಬದಲು ಮೇಲಕ್ಕೆ ಏರುತ್ತದೆ. ಮೇಲೇರುವ ಗಾಳಿಯಿಂದ ಹಾಯಿಗೆ ಏನು ಉಪಯೋಗ? ದೋಣಿ ಸುಮ್ನೆ ನಿಂತಲ್ಲೇ ಹೊರಳಾಡುತ್ತದೆ. ಹಾಯಿ ಪಟಪಟ ಬಡಿದುಕೊಳ್ಳುತ್ತದೆ. ಆದರೆ ಏರಿದ ತೇವ ಅಲ್ಲೇ ದೊಡ್ಡ ಮೋಡವಾಗುತ್ತದೆ, ಮಳೆ ಸುರಿಯುವಾಗ ಮೋಡದೊಳಗಿನ ತಣ್ಣನೆ ಗಾಳಿಯೂ ಹನಿಗಳ ಜೊತೆ ಕೆಳಗೆ ಕುಸಿದು, ನೀರಿಗೆ ತಾಗಿ ನಾಲ್ಕೂ ಕಡೆ ಹರಡುತ್ತದೆ. 5 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಇದ್ದ ಗಾಳಿ ಕೆಲವೇ ನಿಮಿಷದಲ್ಲಿ 30 ಆಗಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟು, ಆರು ಪಟ್ಟಾದರೆ 36 ಪಟ್ಟು! ಹಾಗಾಗಿ ಪಾಳಿಯಲ್ಲಿದ್ದವರ ಕಣ್ಣು ಕಪ್ಪು ಮೋಡದ ಬುಡದ ಮೇಲೇ ಇರುತ್ತದೆ. ಮೋಡ ಹತ್ತಿರ ಬರುವ ಮೊದಲೇ ಹಾಯಿ ಮಡಚಿ ಸಣ್ಣದು ಮಾಡಬೇಕು. ಮಳೆಯಿಂದ ಲಾಭವೂ ಇದೆ. ಮೊದಲ ಸುರಿತ ಹಾಯಿಯ ಮೇಲಿನ ಉಪ್ಪು ತೊಳೆಯಲಿ ಅಂತ ಬಿಟ್ಟು, ಆಮೇಲಿನ ನೀರನ್ನು ಬಕೆಟ್ಟಿಗೆ ಹಿಡಿಯುತ್ತಾರೆ. ಸ್ನಾನಕ್ಕೆ ಸಿಹಿನೀರು ಸಿಕ್ಕಿತು ಅಂದರೆ ಅವತ್ತು ಹಬ್ಬ.

ತಾರಿಣಿ ಸಮಭಾಜಕ ದಾಟಿದ್ದು ಸೆಪ್ಟೆಂಬರ್ 25ಕ್ಕೆ. ಅದರ ಆಚೆ ಸಿಗುವುದು ಆಗ್ನೇಯದಿಂದ ಬಿಡದೆ ಬೀಸುವ ವಾಣಿಜ್ಯ ಮಾರುತ. ಈ ಹೆಸರನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತುಬಿಟ್ಟಿದ್ದೇವೆ, ಆದರೆ ಇದು ನಮಗೆ ಪರಕೀಯ ಗಾಳಿ ಅಲ್ಲವೇ ಅಲ್ಲ. ಬೇಸಿಗೆಯಲ್ಲಿ ನಮ್ಮ ನೆಲ ಕಾದಾಗ ಇದೇ ಗಾಳಿ ಸಮಭಾಜಕ ದಾಟಿ ಉತ್ತರಕ್ಕೆ ಬರುತ್ತದೆ. ಭೂಮಿ ತಿರುಗುವುದರಿಂದ ಉತ್ತರಾರ್ಧದಲ್ಲಿ ಗಾಳಿ ಬಲಕ್ಕೆ ಹೊರಳುತ್ತದೆ. ಆಗ್ನೇಯದಿಂದ ಹೊರಟಿದ್ದು ನೈಋತ್ಯದಿಂದ ಬಂದು, ದಾರಿಯುದ್ದಕ್ಕೂ ಕುಡಿದ ತೇವವನ್ನು ಉಡುಪಿಯ ಹೆಂಚಿನ ಮೇಲೆ, ಆಗುಂಬೆಯ ಕಾಡಿನ ಮೇಲೆ ಸುರಿಯುತ್ತದೆ. ನಾವು ಮುಂಗಾರು ಅನ್ನುತ್ತೇವೆ. ಅದು ಹೊರಡುವ ಜಾಗದಲ್ಲಿ ನಿಂತವರಿಗೆ ಅದು ಬಿಸಿಲಿನ ದಿನ, ಹತ್ತಿಯ ಉಂಡೆಗಳಂಥ ಬಿಳಿ ಮೋಡ, ಆಗಾಗ ಡೆಕ್ಕಿನ ಮೇಲೆ ಬಂದು ಬೀಳುವ ಹಾರುಮೀನು.

ಇನ್ನೂ ದಕ್ಷಿಣಕ್ಕೆ, 40 ಡಿಗ್ರಿ ಅಕ್ಷಾಂಶ ದಾಟಿದರೆ ಚಿತ್ರವೇ ಬೇರೆ. ಅಲೆ ದೊಡ್ಡದಾಗಲು ಮೂರು ಬೇಕು: ಜೋರು ಗಾಳಿ, ಹೆಚ್ಚು ಹೊತ್ತು, ಮತ್ತು ಅಡ್ಡಿಯಿಲ್ಲದ ಉದ್ದನೆ ನೀರು. ದಕ್ಷಿಣ ಸಾಗರದಲ್ಲಿ ಪಡುವಣ ಗಾಳಿಗೆ ಭೂಮಿಯ ಸುತ್ತಲೂ ಹೆಚ್ಚುಕಡಿಮೆ ನೀರೇ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಇರುವುದು 56 ಡಿಗ್ರಿ ದಕ್ಷಿಣದಲ್ಲಿ. ಅದಕ್ಕೂ ಅಂಟಾರ್ಕ್ಟಿಕಾ ಬದಿಯ ದ್ವೀಪಗಳಿಗೂ ನಡುವೆ ಸುಮಾರು 800 ಕಿಲೋಮೀಟರ್ ಸಂದು, ಗಾಳಿ ಅಲೆ ಎಲ್ಲವೂ ಅದರೊಳಗೇ ನುಗ್ಗಬೇಕು. ನ್ಯೂಜಿಲೆಂಡಿನ ಲಿಟಲ್ಟನ್‌ನಿಂದ ಫಾಕ್ಲೆಂಡಿನ ಪೋರ್ಟ್ ಸ್ಟಾನ್ಲಿವರೆಗಿನ ಸುಮಾರು 40 ದಿನದ ಹಾದಿಯಲ್ಲಿ ತಾರಿಣಿ 60 ನಾಟ್ ಮೀರಿದ ಗಾಳಿ ಕಂಡಿತು. ಗಂಟೆಗೆ 110 ಕಿಲೋಮೀಟರ್!

ಅಲ್ಲಿ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಮೆರವಣಿಗೆ ಬರುತ್ತವೆ. ವಾಯುಭಾರ ಮಾಪಕ ಇಳಿಯತೊಡಗಿತು ಅಂದರೆ ವಾಯವ್ಯದಿಂದ ಒದ್ದೆ ಗಾಳಿ ಏರುತ್ತದೆ. ಆಮೇಲೆ ಒಮ್ಮೆಲೇ ಗಾಳಿ ನೈಋತ್ಯಕ್ಕೆ ಜಿಗಿಯುತ್ತದೆ, ಕೊರೆಯುವ ಚಳಿ ಬರುತ್ತದೆ, ಮಾಪಕ ಏರುತ್ತದೆ. ಓದುವವರಿಗೆ ಮುಗಿಯಿತು ಅನ್ನಿಸಬಹುದು. ನಿಜವಾದ ಅಪಾಯ ಶುರುವಾಗುವುದೇ ಆಗ. ಹಳೆ ಗಾಳಿ ಎಬ್ಬಿಸಿದ ಅಲೆ ಇನ್ನೂ ಇಳಿದಿರುವುದಿಲ್ಲ, ಹೊಸ ಗಾಳಿಯ ಅಲೆ ಅದಕ್ಕೆ ಅಡ್ಡ ಬಂದು ಎರಡೂ ಸೇರಿದ ಕಡೆ ನೀರು ಗೋಡೆಯ ಹಾಗೆ ಎದ್ದು ಒಡೆಯುತ್ತದೆ.

ಬಟ್ಟೆಯ ಪ್ರಶ್ನೆ ಬಾಕಿ ಇದೆ. ಒಣಗುವುದಿಲ್ಲ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒಸರುತ್ತದೆ ಅಲ್ವಾ, ಅದೇ ಕಾರಣ. ಗಾಳಿಯಲ್ಲಿ ತೇವ ಶೇ 75 ದಾಟಿದರೆ ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ, ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಇನ್ನೂ ಬೇಗ. ಒಮ್ಮೆ ಕಡಲ ನೀರು ಬಿದ್ದ ಬಟ್ಟೆಯನ್ನು ಸಿಹಿನೀರಿನಲ್ಲಿ ಜಾಲಾಡಿಸದೆ ಬಿಟ್ಟರೆ ಅದು ದಿನಾ ಒಣಗಿ ದಿನಾ ಒದ್ದೆಯಾಗುತ್ತದೆ.

ಗಡಿಯಾರವೂ ಜಾರುತ್ತಿರುತ್ತದೆ. 50 ಡಿಗ್ರಿ ದಕ್ಷಿಣದಲ್ಲಿ ದಿನಕ್ಕೆ 150 ನಾಟಿಕಲ್ ಮೈಲಿ ಪೂರ್ವಕ್ಕೆ ಹೋದರೆ ಸೂರ್ಯ ದಿನವೂ ಸುಮಾರು 15 ನಿಮಿಷ ಮೊದಲೇ ಹುಟ್ಟುತ್ತಾನೆ. ಈ ನಿಮಿಷಗಳೆಲ್ಲ ಕೂಡಿ, ಸುತ್ತು ಮುಗಿಯುವಾಗ ದೋಣಿಯವರು ಗೋವಾದಲ್ಲಿ ಉಳಿದವರಿಗಿಂತ ಒಂದು ಸೂರ್ಯೋದಯ ಜಾಸ್ತಿ ಕಂಡಿರುತ್ತಾರೆ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಪುಳಕ ಕೊಡುತ್ತದೆ.

ಇಷ್ಟರ ನಡುವೆ ಅವರು ಗಾಳಿ, ಅಲೆ, ಹವೆಯ ವಿವರಗಳನ್ನು ಹವಾಮಾನ ಇಲಾಖೆಗೆ ಕಳಿಸುವ ಕೆಲಸವನ್ನೂ ಮಾಡಿದರು. ಹಡಗುಗಳೇ ಸುಳಿಯದ ನೀರಿನಿಂದ ಸಿಗುವ ಒಂದೊಂದು ಅಳತೆಗೂ ಬೆಲೆ ಇದೆ. 2024ರ ಅಕ್ಟೋಬರ್‌ನಲ್ಲಿ ಇದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ, ಇಬ್ಬರೇ ಅಧಿಕಾರಿಗಳು, ಮತ್ತೊಂದು ಸುತ್ತು ಹೊರಟರು. ಯಾವ ನೆಲಕ್ಕೂ 2,688 ಕಿಲೋಮೀಟರ್‌ಗಿಂತ ಹತ್ತಿರವಲ್ಲದ ಪಾಯಿಂಟ್ ನೆಮೋದಲ್ಲಿ ಸಂಶೋಧನೆಗಾಗಿ ನೀರು ತುಂಬಿಸಿಕೊಂಡು ಬಂದರು.

ಮೊದಲ ಸುತ್ತಿನ ಕೊನೆಯಲ್ಲಿ ಚುಕ್ಕಾಣಿ ಕೆಟ್ಟು ತಾರಿಣಿ ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ದುರಸ್ತಿ ಮುಗಿಸಿ, ಮುಂಗಾರಿಗಿಂತ ಮುಂಚೆ ಮನೆ ಸೇರಬೇಕು ಅಂತ ಆಗ್ನೇಯ ಗಾಳಿಯ ಪಟ್ಟಿ ದಾಟಿ ಉತ್ತರಕ್ಕೆ ಬಂತು. ಗೋವಾ ಮುಟ್ಟಿದ್ದು ಮೇ 21ಕ್ಕೆ. ಹಿಂದೆಯೇ ಸಮಭಾಜಕ ದಾಟಿ ಬಂದ ಗಾಳಿ ಮೇ 29ಕ್ಕೆ ಕೇರಳದಲ್ಲಿ ಮಳೆ ಸುರಿಸಿತು.