ಸ್ಲಾಟ್ ಮಷಿನ್‌ನಲ್ಲಿ ಮೂರನೇ ಏಳು (7) ಯಾಕೆ ಒಂದು ಮನೆ ಮೇಲೇ ನಿಲ್ಲುತ್ತದೆ?

ಸೈನಿಕರಿಗೂ ಜೂಜಿನ ಚಟ ಹಿಡಿಯುತ್ತದೆ ಅಂದರೆ ಅನೇಕರು ನಂಬುವುದಿಲ್ಲ. ಬೆಳಗಿನ ಜಾವ ಎದ್ದು ಓಡುವವರು, ಮೇಲಿನವರ ಒಂದು ಮಾತಿಗೆ ನೆಟ್ಟಗೆ ನಿಲ್ಲುವವರು. ಅಂಥವರಿಗೆ ಮನಸ್ಸಿನ ಮೇಲೆ ಹಿಡಿತ ಇರಲ್ವಾ ಅಂತ ಕೇಳುತ್ತಾರೆ. ಚಟ ಅಂದರೆ ಮನೋಬಲ ಇಲ್ಲದವರ ಕಾಯಿಲೆ ಅನ್ನುವ ಈ ನಂಬಿಕೆ ಗಿಳಿಶಾಸ್ತ್ರಕ್ಕಿಂತ ಜಾಸ್ತಿ ಹಾನಿ ಮಾಡಿದೆ ಅಂತ ನನ್ನ ಅಭಿಪ್ರಾಯ. ಗಿಳಿ ತೆಗೆಯುವ ಕಾರ್ಡಿಗೆ ಹತ್ತಿಪ್ಪತ್ತು ರೂಪಾಯಿ ಹೋಗುತ್ತದೆ. ಈ ನಂಬಿಕೆಯಿಂದ ಸಹಾಯ ಬೇಕಾದವರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ.

ಇದನ್ನು ಪರೀಕ್ಷಿಸಲು ಅಮೆರಿಕದ ಸೇನೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಹೊರದೇಶಗಳಲ್ಲಿರುವ ತನ್ನ ನೆಲೆಗಳಲ್ಲಿ ಆ ಸೇನೆ ತಾನೇ ಸ್ಲಾಟ್ ಮಷಿನ್ ಇಟ್ಟು ನಡೆಸುತ್ತದೆ. ದುಡ್ಡು ಹಾಕಿದರೆ ಚಿತ್ರ ಬರೆದ ಚಕ್ರಗಳು ತಿರುಗಿ, ಒಂದೇ ಚಿತ್ರ ಸಾಲಾಗಿ ನಿಂತರೆ ಬಹುಮಾನ ಕೊಡುವ ಜೂಜಿನ ಯಂತ್ರ ಇದು. ಜಪಾನ್, ದಕ್ಷಿಣ ಕೊರಿಯಾ, ಜರ್ಮನಿಯ ನೆಲೆಗಳ ಕ್ಲಬ್ಬುಗಳಲ್ಲಿ, ಬೌಲಿಂಗ್ ಆಡುವ ಜಾಗಗಳಲ್ಲಿ ಇವು ಮಿನುಗುತ್ತಾ ನಿಂತಿರುತ್ತವೆ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಕೊಟ್ಟ ವರದಿಯಲ್ಲಿ 3,141 ಯಂತ್ರಗಳ ಲೆಕ್ಕ ಇದೆ. ವರಮಾನ ವರ್ಷಕ್ಕೆ ಸುಮಾರು 10 ಕೋಟಿ ಡಾಲರ್. ಆ ದುಡ್ಡು ಸೈನಿಕರ ಮನರಂಜನೆ ಮತ್ತು ಕ್ಷೇಮದ ಖಾತೆಗೆ ಹೋಗುತ್ತದೆ. ಅಂದರೆ ಸೈನಿಕರ ಜೇಬಿನಿಂದ ತೆಗೆದು ಸೈನಿಕರಿಗೇ ಖರ್ಚು ಮಾಡುವುದು!

ತಮಾಷೆ ಏನೆಂದರೆ ಅಮೆರಿಕದ ಒಳಗಿನ ನೆಲೆಗಳಲ್ಲಿ ಒಂದೇ ಒಂದು ಯಂತ್ರ ಇಲ್ಲ. 1951ರಲ್ಲಿ ಬಂದ ಜಾನ್ಸನ್ ಕಾಯ್ದೆ ಕೇಂದ್ರ ಸರ್ಕಾರದ ಜಮೀನಿನಲ್ಲಿ ಜೂಜಿನ ಯಂತ್ರ ಇಡುವುದನ್ನೇ ನಿಷೇಧಿಸಿತು. ಹೊರದೇಶದ ನೆಲೆ ಅದರ ಕೈಗೆ ಸಿಗಲಿಲ್ಲ. ಹಾಗಾಗಿ ಟೆಕ್ಸಾಸ್‌ನಲ್ಲಿ ಸೈನಿಕನಿಗೆ ಕೆಟ್ಟದ್ದು ಅಂತ ಸರ್ಕಾರ ತೀರ್ಮಾನಿಸಿದ ವಸ್ತು, ಅದೇ ಸೈನಿಕ ಜಪಾನಿನ ಒಕಿನಾವಾ ದ್ವೀಪಕ್ಕೆ ಹೋದ ಕೂಡಲೇ ಕ್ಷೇಮನಿಧಿಯ ಮೂಲ ಆಗಿಬಿಡುತ್ತದೆ.

ನಡುವೆ ಒಮ್ಮೆ ಹೊರಗಿನ ಯಂತ್ರಗಳನ್ನೂ ಕಿತ್ತು ಹಾಕಿದ್ದರು. ವಿಯೆಟ್ನಾಂ ಯುದ್ಧದ ಹೊತ್ತಿಗೆ ಸೈನಿಕರ ಕ್ಲಬ್ಬುಗಳಲ್ಲಿ ದೊಡ್ಡ ಲೂಟಿ ನಡೆದಿತ್ತು. ನಡೆಸುವವರೇ ಯಂತ್ರದ ದುಡ್ಡಿಗೆ ಕೈ ಹಾಕಿದ್ದರು. 'ಖಾಕಿ ಮಾಫಿಯಾ' ಅಂತ ಪತ್ರಿಕೆಗಳು ಹೆಸರಿಟ್ಟವು. 1969ರಲ್ಲಿ ಸೆನೆಟ್ ವಿಚಾರಣೆ ಶುರುವಾದಾಗ ಸಿಕ್ಕಿಬಿದ್ದವರಲ್ಲಿ ವಿಲಿಯಂ ವೂಲ್ಡ್ರಿಜ್ ಒಬ್ಬರು. ಸಾರ್ಜೆಂಟ್ ಮೇಜರ್ ಆಫ್ ದಿ ಆರ್ಮಿ, ಅಂದರೆ ಭೂಸೇನೆಯ ಸಾಮಾನ್ಯ ಸೈನಿಕರಲ್ಲೇ ಅತಿ ಮೇಲಿನ ಹುದ್ದೆಯನ್ನು ಮೊಟ್ಟಮೊದಲು ಅಲಂಕರಿಸಿದವರು! 1972ರಲ್ಲಿ ಭೂಸೇನೆ, ವಾಯುಸೇನೆ ಎರಡೂ ಹೊರದೇಶದ ಯಂತ್ರಗಳನ್ನು ತೆಗೆದವು. ಗಮನಿಸಿ, ತೆಗೆದದ್ದು ಕಳ್ಳತನದ ಕಾರಣಕ್ಕೆ. ಆಡುವವನಿಗೆ ಏನಾಗುತ್ತಿದೆ ಅಂತ ಯಾರೂ ಕೇಳಲಿಲ್ಲ. ಅದೇ 1972ರಲ್ಲಿ ಒಹಾಯೊದ ಬ್ರೆಕ್ಸ್‌ವಿಲ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ, ರಾಬರ್ಟ್ ಕಸ್ಟರ್ ಅನ್ನುವ ಮನೋವೈದ್ಯರು ಜೂಜಿನ ಚಟಕ್ಕೆ ಒಳರೋಗಿ ಚಿಕಿತ್ಸೆ ಶುರು ಮಾಡಿದರು. ಇಂಥ ಚಿಕಿತ್ಸೆ ಅಲ್ಲೇ ಮೊದಲು. 1980ರಲ್ಲಿ ಜೂಜಿನ ಚಟಕ್ಕೆ ಮನೋರೋಗಗಳ ಅಧಿಕೃತ ಪಟ್ಟಿಯಲ್ಲಿ ಜಾಗ ಸಿಗಲು ಅವರದೇ ದೊಡ್ಡ ಪಾತ್ರ. ಅದೇ ದಶಕದಲ್ಲಿ ಯಂತ್ರಗಳು ನೆಲೆಗಳಿಗೆ ವಾಪಸ್ ಬಂದವು. ಅದೇ ಹೊತ್ತಿಗೆ ಅವುಗಳ ಒಳಗೂ ಬದಲಾಗತೊಡಗಿತ್ತು.

ಇಲ್ಲಿಂದ ನನ್ನ ಇಷ್ಟದ ಭಾಗ.

1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ ಮಾಡಿದ 'ಲಿಬರ್ಟಿ ಬೆಲ್' ಯಂತ್ರದಲ್ಲಿ ಮೂರು ರೀಲು (ಚಿತ್ರ ಬರೆದ ತಿರುಗುವ ಚಕ್ರ), ಒಂದು ಹಿಡಿಕೆ, ಒಂದಷ್ಟು ಸ್ಪ್ರಿಂಗು ಇದ್ದವು. ರೀಲಿನ ಮೇಲೆ ಎಷ್ಟು ಚಿತ್ರ ಕಾಣುತ್ತದೋ ಅಷ್ಟೇ ಸಾಧ್ಯತೆ. ಮುಂದೆ ಬಂದ ಯಂತ್ರಗಳಲ್ಲಿ ಒಂದೊಂದು ರೀಲಿಗೆ 22 ಮನೆ, ಅಂದರೆ ರೀಲು ನಿಲ್ಲಬಹುದಾದ ಜಾಗ, ಇದ್ದವು ಅಂತಿಟ್ಟುಕೊಳ್ಳಿ. ಪ್ರತಿ ರೀಲಿನಲ್ಲಿ ಏಳರ (7) ಚಿತ್ರ ಒಂದೇ ಸಲ ಇದ್ದರೆ, ಮೂರೂ ಏಳು ಸಾಲಾಗಿ ಬೀಳುವ ಸಾಧ್ಯತೆ 22 ಗುಣಿಸು 22 ಗುಣಿಸು 22, ಅಂದರೆ 10,648ಕ್ಕೆ ಒಂದು. ಮಾಲೀಕನಿಗೆ ಇದು ತಲೆನೋವು. ಹತ್ತು ಸಾವಿರಕ್ಕೊಮ್ಮೆ ಜಾಕ್‌ಪಾಟ್ ಬೀಳುವ ಯಂತ್ರದಲ್ಲಿ ಲಕ್ಷಗಟ್ಟಲೆ ಬಹುಮಾನ ಇಟ್ಟರೆ ದಿವಾಳಿ. ರೀಲು ದೊಡ್ಡದು ಮಾಡಿದರೆ ಜನಕ್ಕೆ ಅನುಮಾನ.

ನಾರ್ವೆ ಮೂಲದ ಇಂಗೆ ಟೆಲ್ನೆಸ್ ಇದಕ್ಕೆ ಉಪಾಯ ಕಂಡುಹಿಡಿದರು. 1984ರಲ್ಲಿ ಪೇಟೆಂಟ್ ಸಿಕ್ಕಿತು. ರೀಲು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಒಳಗಿನ ಕಂಪ್ಯೂಟರ್ ಚಿಪ್ ಒಂದು ಯಾದೃಚ್ಛಿಕ ಸಂಖ್ಯೆ ಎತ್ತಿ ತೀರ್ಮಾನಿಸುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲೇ ಫಲಿತಾಂಶ ಮುಗಿದಿರುತ್ತದೆ. ಆಮೇಲೆ ರೀಲು ತಿರುಗುವುದು ಸುಮ್ನೆ ನಾಟಕ. ಇದರ ಮೇಲೆ ಇನ್ನೊಂದು ಕಿತಾಪತಿ ಇದೆ. ಚಿಪ್ ಎತ್ತುವುದು 22 ಸಂಖ್ಯೆಗಳಿಂದ ಅಲ್ಲ, ಉದಾಹರಣೆಗೆ 64ರಿಂದ. ಯಾವ ಮನೆಗೆ ಎಷ್ಟು ಸಂಖ್ಯೆ ಅಂತ ಹಂಚುವುದು ತಯಾರಕರಿಗೆ ಬಿಟ್ಟದ್ದು.

ನಿಮ್ಮ ಬೀದಿಯಲ್ಲಿ 22 ಮನೆಯವರು ಸೇರಿ ಚೀಟಿ ನಡೆಸುತ್ತೀರಿ ಅಂದುಕೊಳ್ಳಿ. ಡಬ್ಬಿಯಲ್ಲಿ 22 ಹೆಸರು ಇದೆ ಅಂತ ಎಲ್ಲರ ನಂಬಿಕೆ. ಆದರೆ ನಡೆಸುವವರು ಒಳಗೆ 64 ಚೀಟಿ ಹಾಕಿದ್ದಾರೆ. ನಿಮ್ಮ ಹೆಸರು ಒಂದೇ ಸಲ. ಎಡಗಡೆ ಮನೆಯವರದ್ದು ಐದು, ಬಲಗಡೆ ಮನೆಯವರದ್ದು ಐದು. ತಿಂಗಳು ತಿಂಗಳೂ ಚೀಟಿ ನಿಮ್ಮ ಪಕ್ಕದ ಮನೆಗೇ ಬರುತ್ತಿರುತ್ತದೆ. 'ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು, ಮುಂದಿನ ಸಲ ನಮ್ಮದೇ' ಅಂತ ನೀವು ದುಡ್ಡು ಕಟ್ಟುತ್ತಲೇ ಹೋಗುತ್ತೀರಿ.

ರೀಲಿನಲ್ಲಿ ನಿಮ್ಮ ಮನೆ ಅಂದರೆ ಏಳು. ಈಗ ಲೆಕ್ಕ ನೋಡಿ. 64ರ ಪ್ರಕಾರ ಮೂರು ಏಳು ಬೀಳುವುದು 2,62,144ಕ್ಕೆ ಒಂದು ಸಲ. ಕಣ್ಣಿಗೆ ಕಾಣುವ ರೀಲು ಹೇಳುವುದಕ್ಕಿಂತ ಸುಮಾರು 25 ಪಟ್ಟು ಅಪರೂಪ. ಅದೇ ಹೊತ್ತಿಗೆ ಒಂದು ರೀಲಿನಲ್ಲಿ ಏಳರ ಚಿತ್ರ ಗೆಲುವಿನ ಗೆರೆ ಮೇಲೆ ಬೀಳುವುದು 64ಕ್ಕೆ ಒಂದು ಸಲವಾದರೆ, ಗೆರೆಗಿಂತ ಒಂದು ಮನೆ ಮೇಲೋ ಕೆಳಗೋ ನಿಲ್ಲುವುದು 64ಕ್ಕೆ 10 ಸಲ. ಪ್ರಾಮಾಣಿಕ ರೀಲಿನಲ್ಲಿ ಈ 'ಸ್ವಲ್ಪದರಲ್ಲಿ ತಪ್ಪಿದ್ದು' ಗೆದ್ದದ್ದರ ಎರಡು ಪಟ್ಟು ಬರಬೇಕು. ಇಲ್ಲಿ ಹತ್ತು ಪಟ್ಟು. ಯಂತ್ರ ನಿಜಕ್ಕಿಂತ ಜಾಸ್ತಿ ಕೊಡುವ ಹಾಗೆ ಕಾಣಬೇಕು ಅಂತ ಟೆಲ್ನೆಸ್ ಅವರ ಪೇಟೆಂಟಿನಲ್ಲೇ ಮುಚ್ಚುಮರೆ ಇಲ್ಲದೆ ಬರೆದಿದೆ. 1980ರ ದಶಕದ ಕೊನೆಗೆ ಯೂನಿವರ್ಸಲ್ ಅನ್ನುವ ಜಪಾನಿ ಕಂಪನಿ, ಆಟಗಾರ ಸೋತ ಮೇಲೆ ಆ ಸೋಲನ್ನು 'ಇನ್ನೇನು ಗೆದ್ದಿದ್ದೆ' ಅನ್ನುವ ಹಾಗೆ ಬದಲಿಸಿ ತೋರಿಸುವ ಯಂತ್ರ ಮಾಡಿತ್ತು. ನೆವಾಡಾದ ಅಧಿಕಾರಿಗಳು ಅದನ್ನು ತಡೆದರು. ಟೆಲ್ನೆಸ್ ಉಪಾಯಕ್ಕೆ ಮಾತ್ರ ಅಡ್ಡಿ ಬರಲಿಲ್ಲ. ನನಗೆ ಈ ಎರಡರ ನಡುವೆ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಸೋಲನ್ನು ಹೇಗೆ ತೋರಿಸಿದರೂ ಸೋಲೇ ಅಲ್ವಾ? ಜೇಬಿಗೆ ಹೌದು, ಮೆದುಳಿಗೆ ಅಲ್ಲ. ಕೇಂಬ್ರಿಜ್‌ನಲ್ಲಿದ್ದ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಸ್ಲಾಟ್ ಆಟ ಆಡುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಗೆದ್ದಾಗ ಚುರುಕಾಗುವ ಭಾಗಗಳೇ ಸ್ವಲ್ಪದರಲ್ಲಿ ತಪ್ಪಿದಾಗಲೂ ಚುರುಕಾಗುತ್ತಿದ್ದವು. ಆಟಗಾರರು ಅದನ್ನು ಹಿತವಲ್ಲ ಅಂದರು. ಆದರೆ ಇನ್ನೊಂದು ಸಲ ಆಡುವ ಆಸೆ ಜಾಸ್ತಿ ಆಯಿತು ಅಂತಲೂ ಅಂದರು. ಮೆದುಳಿನಲ್ಲಿ ಸಂದೇಶ ಒಯ್ಯುವ ಡೋಪಮೈನ್ ಅನ್ನುವ ರಾಸಾಯನಿಕ ಅಂದರೆ ಸುಖದ ರಸ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತನ್ನು ಮರೆತುಬಿಡಿ. ನರವಿಜ್ಞಾನಿ ವೋಲ್ಫ್‌ರಮ್ ಶುಲ್ಟ್ಸ್ ಅವರ ತಂಡ ಕೋತಿಗಳಲ್ಲಿ ಮಾಡಿದ ಪ್ರಯೋಗಗಳ ಪ್ರಕಾರ, ಡೋಪಮೈನ್ ನರಕೋಶಗಳು ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಅಳೆಯುತ್ತವೆ. 2003ರಲ್ಲಿ ಅವರು ಇನ್ನೂ ಒಂದು ಸಂಗತಿ ತೋರಿಸಿದರು. ಬಹುಮಾನ ಬರುತ್ತದೋ ಇಲ್ಲವೋ ಅನ್ನುವುದು ಅರ್ಧಕ್ಕರ್ಧ ಇದ್ದಾಗ, ಕಾಯುವ ಹೊತ್ತಿನಲ್ಲಿ ಈ ಕೋಶಗಳ ಮಿಡಿತ ಅತಿ ಹೆಚ್ಚು. ಖಚಿತ ಗೆಲುವಿಗಾಗಲೀ ಖಚಿತ ಸೋಲಿಗಾಗಲೀ ಅಷ್ಟು ಮಿಡಿಯುವುದಿಲ್ಲ.

ಇದರ ವರ್ತನೆಯ ಮುಖವನ್ನು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅದಕ್ಕೂ ಮುಂಚೆ ಪಾರಿವಾಳಗಳಲ್ಲಿ ಕಂಡಿದ್ದರು. ಎಷ್ಟು ಸಲ ಕುಟುಕಿದರೆ ಕಾಳು ಅನ್ನುವುದು ಗೊತ್ತಿಲ್ಲದಿದ್ದರೆ ಹಕ್ಕಿ ಬಿಡದೆ ಕುಟುಕುತ್ತದೆ. ಕಾಳು ನಿಂತ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ಸ್ಕಿನ್ನರ್‌ಗೂ ಸೇನೆಗೂ ಒಂದು ವಿಚಿತ್ರ ನಂಟಿದೆ. ಎರಡನೇ ಮಹಾಯುದ್ಧದಲ್ಲಿ ಅವರು ಬಾಂಬಿನ ಮೂತಿಯೊಳಗೆ ಪಾರಿವಾಳ ಕೂರಿಸಿ, ಅದು ಕುಟುಕುವ ದಿಕ್ಕಿಗೆ ಬಾಂಬು ತಿರುಗುವ ಯೋಜನೆ ಕೈಗೆತ್ತಿಕೊಂಡಿದ್ದರು. ಸರ್ಕಾರ ದುಡ್ಡೂ ಕೊಟ್ಟಿತ್ತು! 1944ರಲ್ಲಿ ಯೋಜನೆ ನಿಂತುಹೋಯಿತು. ಗುರಿ ಬಿಡದ ಹಕ್ಕಿಯನ್ನು ಸೇನೆ ನಂಬಲಿಲ್ಲ. ಆದರೆ ಅದೇ ತತ್ವದ ಯಂತ್ರವನ್ನು ಮುಂದೆ ಕ್ಲಬ್ಬಿಗೆ ತಂದು ಇಟ್ಟುಕೊಂಡಿತು.

1948ರಲ್ಲಿ ಸ್ಕಿನ್ನರ್ ಮಾಡಿದ ಇನ್ನೊಂದು ಪ್ರಯೋಗ ಬಿಡಲು ಮನಸ್ಸಾಗುತ್ತಿಲ್ಲ. ಹಕ್ಕಿ ಏನೇ ಮಾಡಲಿ, 15 ಸೆಕೆಂಡಿಗೊಮ್ಮೆ ಕಾಳು ಬರುತ್ತಿತ್ತು. ಎಂಟು ಹಕ್ಕಿಗಳಲ್ಲಿ ಆರು ಒಂದೊಂದು 'ವ್ರತ' ಹಿಡಿದವು. ಒಂದು ಗಿರಗಿರ ಸುತ್ತಿತು, ಒಂದು ಮೂಲೆಗೆ ತಲೆ ತೂರಿತು. ಇದರ ಅರ್ಥದ ಬಗ್ಗೆ ಆಮೇಲೆ ಬೇರೆ ವಿಜ್ಞಾನಿಗಳು ತಕರಾರು ತೆಗೆದಿದ್ದಾರೆ, ನಿಜ. ಆದರೂ ಕನಸಲ್ಲಿ ಕಂಡದ್ದಕ್ಕೆ ನಂಬರ್ ಕಟ್ಟಿ ಓಸಿ ಬರೆಸುವವರನ್ನು ನೋಡಿದರೆ ಆ ಹಕ್ಕಿಗಳೇ ನೆನಪಾಗುತ್ತವೆ. 'ಈ ಮಷಿನ್ ಬೆಳಗಿಂದ ಕೊಟ್ಟಿಲ್ಲ, ಈಗ ಕೊಡಲೇಬೇಕು' ಅನ್ನುವುದೂ ಇದೇ ಜಾತಿ. ಚಿಪ್‌ಗೆ ಹಿಂದಿನ ಸುತ್ತು ನೆನಪೇ ಇರುವುದಿಲ್ಲ.

ಇನ್ನು ಸೈನಿಕನ ವಿಷಯ. ವಯಸ್ಸು ಇಪ್ಪತ್ತರ ಆಸುಪಾಸು, ಮನೆಯಿಂದ ಸಾವಿರಾರು ಮೈಲಿ ದೂರ, ಡ್ಯೂಟಿ ಮುಗಿದ ಮೇಲೆ ಬೇಸರ, ತಪ್ಪದೆ ಬರುವ ಸಂಬಳ. ಲಾಸ್ ವೇಗಸ್‌ನಲ್ಲಿ ಆಡಲು 21 ತುಂಬಿರಬೇಕು. ನೆಲೆಯಲ್ಲಿ 18 ಸಾಕು. ಯಂತ್ರ ನೂರಕ್ಕೆ 94 ವಾಪಸ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಕೇಳಲು ಧಾರಾಳ ಅನಿಸುತ್ತದೆ. ಆದರೆ ನಿಮಿಷಕ್ಕೆ ಹತ್ತು ಸಲ, ಒಂದೊಂದು ಡಾಲರ್ ಕಟ್ಟಿದರೆ ಗಂಟೆಗೆ 600 ಡಾಲರ್ ತಿರುಗಿ, ಸರಾಸರಿ 36 ಹೋಗಿರುತ್ತದೆ. ದಿನಕ್ಕೆ ಎರಡು ಗಂಟೆ, ತಿಂಗಳಿಗೆ 20 ದಿನ ಕೂತರೆ 1,440. ಆ ವರದಿ ಬಂದ 2017ರಲ್ಲಿ ಹೊಸಬ ಸೈನಿಕನ ಮೂಲ ವೇತನ ತಿಂಗಳಿಗೆ ಸುಮಾರು 1,600 ಡಾಲರ್.

ಸೇನೆಯ ವಾದವೂ ಪೊಳ್ಳಲ್ಲ. ಇಲ್ಲಿ ಇಲ್ಲದಿದ್ದರೆ ಹುಡುಗರು ಗೇಟಿನಾಚೆ ಹೋಗಿ ಆಡುತ್ತಾರೆ ಅನ್ನುತ್ತಾರೆ. ಕೊರಿಯಾದಲ್ಲಿ ವಿದೇಶಿಯರಿಗೆಂದೇ ಕ್ಯಾಸಿನೊಗಳಿವೆ, ಜಪಾನಿನಲ್ಲಿ ಬೀದಿ ಬೀದಿಗೆ ಪಚಿಂಕೊ ಅನ್ನುವ ಗುಂಡು ಉರುಳಿಸುವ ಜೂಜಿನ ಯಂತ್ರಗಳು. ಆದರೆ ಊಟ, ವಸತಿ, ಕ್ಲಬ್ಬು ಎಲ್ಲ ಒಂದೇ ಬೇಲಿಯೊಳಗೆ ಇರುವಾಗ, ಚಟ ಬಿಡಬೇಕು ಅಂತ ಹೊರಟವನು ಯಂತ್ರದ ಮುಂದೆಯೇ ಹಾದು ಹೋಗಬೇಕು.

ಇದರಿಂದ ಎಷ್ಟು ಜನ ಕೆಟ್ಟಿದ್ದಾರೆ? ಇಲ್ಲಿ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಬೇಕು. 2002ರಲ್ಲಿ ಸೇನೆ ನಡೆಸಿದ ಆರೋಗ್ಯ ಸಮೀಕ್ಷೆಯಲ್ಲಿ, ಹೆಸರು ಬರೆಯದೆ ಉತ್ತರ ಕೊಟ್ಟವರಲ್ಲಿ ಸುಮಾರು ಶೇ. 1.2 ಜನರಿಗೆ ತೀವ್ರ ಚಟದ ಲಕ್ಷಣ ಇತ್ತು. 2011ರಿಂದ 2015ರವರೆಗೆ ಸೇನಾ ಆಸ್ಪತ್ರೆಗಳ ದಾಖಲೆಯಲ್ಲಿ ಸಿಕ್ಕವರು ಶೇ. 0.03ಕ್ಕಿಂತ ಕಡಿಮೆ. ಎರಡನೆಯದನ್ನೇ ಹಿಡಿದು 'ಸಮಸ್ಯೆ ಚಿಕ್ಕದು' ಅನ್ನಬಹುದು. ಆದರೆ ಆ ವರ್ಷಗಳಲ್ಲಿ ಆರೋಗ್ಯ ತಪಾಸಣೆಯಲ್ಲಿ ಜೂಜಿನ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಕೇಳದಿದ್ದರೆ ಹೇಳುವವರು ಯಾರು? ಕುಡಿತಕ್ಕೆ ಬಾಯಿ ವಾಸನೆ ಬರುತ್ತದೆ, ಕೈ ನಡುಗುತ್ತದೆ. ಜೂಜಿಗೆ ಬ್ಯಾಂಕ್ ಖಾತೆ ಬಿಟ್ಟು ಬೇರೆ ಲಕ್ಷಣ ಹೊರಗೆ ಕಾಣುವುದಿಲ್ಲ.

ಲೆಕ್ಕಪರಿಶೋಧಕರು ಇದನ್ನೇ ಎತ್ತಿ ತೋರಿಸಿದರು. ಸೆನೆಟರ್‌ಗಳಾದ ಎಲಿಜಬೆತ್ ವಾರೆನ್ ಮತ್ತು ಸ್ಟೀವ್ ಡೇನ್ಸ್, ಎದುರು ಬದುರು ಪಕ್ಷದವರು, ಒಟ್ಟಿಗೆ ಒತ್ತಾಯ ತಂದರು. 2019ರ ರಕ್ಷಣಾ ಕಾಯ್ದೆ ತಪಾಸಣೆಯಲ್ಲಿ ಜೂಜಿನ ಪ್ರಶ್ನೆ ಸೇರಿಸಲೇಬೇಕು ಅಂದಿತು. ಆದರೆ ಇದರಲ್ಲೂ ಒಂದು ತೊಡಕಿದೆ. ಗುಟ್ಟಿನ ಕಡತ ನೋಡುವ ಅನುಮತಿ ಬೇಕಾದ ಸೈನಿಕನಿಗೆ ಸಾಲ ಮತ್ತು ಜೂಜು ಎರಡೂ ಮೈನಸ್ ಪಾಯಿಂಟು, ಅನುಮತಿ ಹೋದರೆ ಕೆಲಸಕ್ಕೇ ಕುತ್ತು. 2002ರ ಸಮೀಕ್ಷೆಯಲ್ಲಿ ಹೆಸರು ಬರೆಯಬೇಕಿರಲಿಲ್ಲ. ಈಗಿನ ತಪಾಸಣೆಯ ಫಾರಂನಲ್ಲಿ ಬರೆಯಬೇಕು.