ಪೇಪರ್ ಸೇತುವೆಗೆ ಎಷ್ಟು ಶೀಟ್ ಬೇಕು?

ವಿಜ್ಞಾನ ಪ್ರದರ್ಶನ ಹತ್ತಿರ ಬಂದರೆ ಹಾಸನದ ನನ್ನಂಥ ಸಿವಿಲ್ ಎಂಜಿನಿಯರುಗಳಿಗೆ ಮಕ್ಕಳ ಕಾಟ ಶುರು. ಕೈಯಲ್ಲಿ ಹಳೇ ಪೇಪರಿನ ಕಟ್ಟು, ಫೆವಿಕಾಲ್ ಡಬ್ಬಿ. ‘ಸರ್, ಸೇತುವೆ 20 ಕೆಜಿ ತಡೀಬೇಕು. ಎಷ್ಟು ಶೀಟ್ ಸುತ್ತಬೇಕು?’ ಶೀಟಿನ ಲೆಕ್ಕ ಆಮೇಲೆ ಮಾಡೋಣ. ಕೊಳವೆ ಎಷ್ಟು ಉದ್ದ, ಅದನ್ನು ಮೊದಲು ಹೇಳಿ ಅನ್ನುತ್ತೇನೆ.

ಹಾಳೆಯನ್ನು ನಿಲ್ಲಿಸಿ ಮೇಲಿಂದ ಒತ್ತಿದರೆ ತಕ್ಷಣ ಬಾಗುತ್ತದೆ. ಅದನ್ನೇ ಕೊಳವೆ ಮಾಡಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಆದರೂ ತೆಳ್ಳಗಿನ, ಉದ್ದದ ಕೊಳವೆ ಸೋಲೋದು ಜಜ್ಜಿಹೋಗಿ ಅಲ್ಲ, ಪಕ್ಕಕ್ಕೆ ಬಾಗಿ. ಇದರ ಲೆಕ್ಕವನ್ನು 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಹಾಕಿಟ್ಟಿದ್ದಾನೆ. ಉದ್ದ ಎರಡು ಪಟ್ಟಾದರೆ ತಡೆಯುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ! ಹಾಗಾಗಿ ಗಿಡ್ಡ ಕೊಳವೆಗಳನ್ನು ತ್ರಿಕೋನಗಳಾಗಿ ಜೋಡಿಸಿ.

ಸುತ್ತುವ ಮೊದಲು ಹಾಳೆಯ ಅಂಚನ್ನು ಸ್ವಲ್ಪ ಹರಿದು ನೋಡಿ. ಒಂದು ದಿಕ್ಕಿಗೆ ನೇರವಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಅಂಕುಡೊಂಕು. ನೇರವಾಗಿ ಹರಿಯುವ ಕಡೆಗೆ ನಾರುಗಳು ಮಲಗಿರುತ್ತವೆ. ಆ ದಿಕ್ಕು ಕೊಳವೆಯ ಉದ್ದಕ್ಕೆ ಬರಬೇಕು. ಸೈಕಲ್ ಕಡ್ಡಿಯ ಮೇಲೆ ಬಿಗಿಯಾಗಿ ಸುತ್ತಿ, ಕಡ್ಡಿ ಎಳೆದುಬಿಡಿ.

ಜಾಸ್ತಿ ಮಾದರಿಗಳು ಕೈಕೊಡೋದು ಗಂಟಿನಲ್ಲಿ, ಅಂದರೆ ಕೊಳವೆಗಳನ್ನು ದಾರದಿಂದ ಸೇರಿಸಿ ಕಟ್ಟುವ ಕಡೆ. ದಾರ ಬಿಗಿದ ಜಾಗದಲ್ಲಿ ಕೊಳವೆ ಚಪ್ಪಟೆಯಾಗುತ್ತದೆ, ಭಾರ ಬಿದ್ದಾಗ ಅಲ್ಲೇ ಮಡಚಿಕೊಳ್ಳುತ್ತದೆ. ಪೇಪರನ್ನೇ ಬಿಗಿಯಾಗಿ ಸುತ್ತಿ ತುದಿಯೊಳಗೆ ಬಿರಡೆ ಹಾಗೆ ತುರುಕಿ, ಆಮೇಲೆ ಕಟ್ಟಿ. ಭಾರವನ್ನು ಗಂಟಿಗೇ ನೇತುಹಾಕಿ, ಕೊಳವೆಯ ನಡುವಿಗೆ ಬೇಡ.

ಸಕಲೇಶಪುರದ ಕಡೆಯವರಿಗೆ ಇನ್ನೊಂದು ತಲೆನೋವು, ತೇವ. ಪೇಪರ್ ಗಾಳಿಯ ನೀರನ್ನೇ ಹೀರಿ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಮಾಡಿದರೆ ಅಂಟು ಪೂರ್ತಿ ಒಣಗಲಿ, ಆಮೇಲೆ ಹೊರಗೆ ಒಂದು ಕೋಟ್ ವಾರ್ನಿಷ್ ಬಳಿಯಿರಿ.

ಇದೆಲ್ಲ ಸುಮ್ನೆ ಮಕ್ಕಳಾಟ ಅಂತ ಮೂಗು ಮುರಿಯುವವರೂ ಇದ್ದಾರೆ. ಆದರೆ ಜಪಾನಿನ ವಾಸ್ತುಶಿಲ್ಪಿ ಶಿಗೇರು ಬಾನ್ 1995ರ ಕೋಬೆ ಭೂಕಂಪದ ನಂತರ ಕಾಗದದ ಕೊಳವೆಗಳಿಂದ ಮನೆ ಕಟ್ಟಿಕೊಟ್ಟ. 2001ರ ಭೂಕಂಪದ ನಂತರ ನಮ್ಮ ಗುಜರಾತಿನ ಭುಜ್‌ನಲ್ಲೂ ಕಟ್ಟಿದ, ಬಿದ್ದ ಕಟ್ಟಡಗಳ ಅವಶೇಷವನ್ನೇ ಅಡಿಪಾಯಕ್ಕೆ ಹಾಕಿ. 2014ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಬಂತು. ಅವನ ಕೊಳವೆಗಳು ಕಾರ್ಖಾನೆಯಲ್ಲಿ ತಯಾರಾದ ದಪ್ಪ ಗೋಡೆಯವು, ನಮ್ಮ ಪೇಪರಿಗೆ ಅದರ ಅಳತೆ ಹಚ್ಚೋಕಾಗಲ್ಲ ಅನ್ನೋದು ನಿಜ.

ಇನ್ನು ಎಷ್ಟು ಶೀಟ್ ಬೇಕು ಅನ್ನೋದು ಪರೀಕ್ಷೆ ಮಾಡಿಯೇ ತಿಳಿಯಬೇಕು. ಅದಕ್ಕೆ ಬಕೆಟ್ ನೇತುಹಾಕಿ, ಮರಳನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಒಟ್ಟಿಗೆ ಸುರಿದರೆ ಮೊದಲು ಬಾಗಿದ ಕೊಳವೆ ಯಾವುದು ಅಂತ ಕಾಣೋದೇ ಇಲ್ಲ. ಭಾರ ಹೊತ್ತ ಪೇಪರ್ ನಿಧಾನಕ್ಕೆ ಜಗ್ಗುತ್ತದೆ, ಹಾಗಾಗಿ ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಬಕೆಟ್ಟಿನ ಕೆಳಗೆ ಕಾಲಿಡಬೇಡಿ.