ಕೈಗೆ ಕಾಣುವ ತಗ್ಗು

ಗೇಟು ತಾಗಿ ನಮ್ಮ ಹಳೇ ಕಾರಿನ ಬಾಗಿಲಲ್ಲಿ ಅಂಗೈ ಅಗಲದ ತಗ್ಗು ಬಿದ್ದಿತ್ತು. ಇದೇನು ಮಹಾ ಕೆಲಸ ಅಂತ ಒಂದು ಡಬ್ಬ ಪುಟ್ಟಿ ತಂದು ನಾನೇ ಮೆತ್ತಿದೆ. ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ, ಬಣ್ಣಕ್ಕೆ ತಳವಾಗಿ ಪ್ರೈಮರ್ ಹೊಡೆದೆ, ಬಣ್ಣ ಹೊಡೆದೆ. ಸಂಜೆ ಹೊತ್ತಿಗೆ ಬಾಗಿಲು ಹೊಸದರ ಹಾಗೆ ಮಿಂಚುತ್ತಿತ್ತು. ಹದಿನೈದು ದಿನ ಬಿಟ್ಟು ಬಿಸಿಲಲ್ಲಿ ನೋಡಿದರೆ ಮೈತುಂಬ ಗೀರು, ನಡುವೆ ಒಂದು ಅಲೆ.

ಬಣ್ಣದ್ದೇ ತಪ್ಪು ಅಂದುಕೊಂಡೆ. ಟಿಂಕರಿಂಗ್ ಶೆಡ್ಡಿನ ಮೇಸ್ತ್ರಿ ಎಲ್ಲೋ ನೋಡುತ್ತಾ ಬಾಗಿಲ ಮೇಲೆ ಒಮ್ಮೆ ಕೈಯಾಡಿಸಿದರು. "ಎಂಬತ್ತರ ಪೇಪರ್ ಹೊಡೆದು ಸೀದಾ ಪ್ರೈಮರ್‌ಗೆ ಹೋಗಿದ್ದೀರಿ, ಅಲ್ವಾ?" ಅಂದರು. ಹೌದು, ಹಾಗೇ ಮಾಡಿದ್ದೆ.

80ನೇ ನಂಬರ್ ಪೇಪರಿನ ಒಂದೊಂದು ಹರಳೂ ಸುಮಾರು 200 ಮೈಕ್ರಾನ್, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗ. ಕಾರ್ಖಾನೆಯಿಂದ ಬರುವ ಕಾರಿನ ಮೇಲೆ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲಾ ಸೇರಿದರೂ ಹೆಚ್ಚುಕಮ್ಮಿ 100 ಮೈಕ್ರಾನ್. ಇಂಥ ಹರಳು ಎಳೆದ ಗೀರನ್ನು ಆ ತೆಳು ಪದರ ಮುಚ್ಚುತ್ತದೆ ಅಂತ ನಂಬಿದ್ದು ನನ್ನ ದಡ್ಡತನ.

ಆದರೆ ಮೊದಲ ದಿನ ಮುಚ್ಚಿಕೊಂಡಿತ್ತಲ್ಲ? ಅದೇ ಇದರ ಮಜಾ. ಗೀರು 50 ಮೈಕ್ರಾನ್ ಆಳ ಇದೆ ಅನ್ನಿ. ಅದರ ಮೇಲೆ 100 ಮೈಕ್ರಾನ್ ದಪ್ಪಕ್ಕೆ ಹಸಿ ಪ್ರೈಮರ್ ಹೊಡೆದೆವು. ಹಸಿ ಇದ್ದಾಗ ಅದು ನೀರಿನ ಹಾಗೆ ಹರಿದು ಮೇಲ್ಗಡೆ ಸಮ ಆಗುತ್ತದೆ. ಈಗ ಸಮತಟ್ಟು ಜಾಗದಲ್ಲಿ ದಪ್ಪ 100, ಗೀರಿನ ಜಾಗದಲ್ಲಿ 150. ಆಮೇಲೆ ಪ್ರೈಮರ್ ತೆಳುವಾಗಲಿ ಅಂತ ಬೆರೆಸಿದ ಥಿನ್ನರ್ ಆರುತ್ತದೆ. ದಪ್ಪದಲ್ಲಿ ಅರ್ಧ ಹೀಗೆ ಆರಿಹೋಯಿತು ಅನ್ನಿ. ಸಮತಟ್ಟಿನಲ್ಲಿ ಉಳಿದದ್ದು 50, ಗೀರಿನಲ್ಲಿ 75. ಗೀರಿನ ತಳವೇ 50 ಕೆಳಗಿದೆ, ಹಾಗಾಗಿ ಮೇಲ್ಗಡೆ 25 ಮೈಕ್ರಾನ್ ಹಳ್ಳ ಮತ್ತೆ ಎದ್ದು ಬಂತು. ಕೊನೇ ಹನಿ ಥಿನ್ನರ್ ಆರುವುದಕ್ಕೆ ದಿನಗಟ್ಟಲೆ ಬೇಕು. ಅದಕ್ಕೇ ಗೀರು ಕೂಡ ಪುರುಸೊತ್ತಾಗಿ ಹೊರಗೆ ಬರುತ್ತದೆ.

ಪೇಪರಿನ ನಂಬರ್ ಏರಿದಷ್ಟೂ ಹರಳು ಸಣ್ಣ. ಹಾಗಾಗಿ 80 ಆದಮೇಲೆ 120, 180, 320 ಅಂತ ಮೆಟ್ಟಿಲು ಇಳಿಯಬೇಕು. ಪ್ರತಿ ಪೇಪರಿನ ಕೆಲಸ ಅದರ ಹಿಂದಿನದು ಬಿಟ್ಟುಹೋದ ಗೀರನ್ನು ಅಳಿಸುವುದು, ಅಷ್ಟೇ. ಒಂದು ಮೆಟ್ಟಿಲು ಹಾರಿದರೆ ಸಣ್ಣ ಹರಳಿಗೆ ಆ ಆಳ ಎಟುಕುವುದಿಲ್ಲ.

ಪುಟ್ಟಿಯೂ ಸುಮ್ನೆ ಒಣಗುವ ಮಣ್ಣಲ್ಲ. ಡಬ್ಬದಲ್ಲಿರುವುದು ಸ್ಟೈರೀನ್ ಅನ್ನುವ ದ್ರವದಲ್ಲಿ ಕರಗಿಸಿದ ಪಾಲಿಯೆಸ್ಟರ್ ಅಂಟು, ಅದರೊಳಗೆ ಟಾಲ್ಕ್ ಪುಡಿ. ಸ್ಲೇಟಿನ ಮೇಲೆ ಬರೆದ ಬಳಪದಲ್ಲಿ ಇರುತ್ತಿದ್ದದ್ದೂ ಇದೇ ಖನಿಜ, ಉಗುರಿನಲ್ಲಿ ಗೀಚಿದರೂ ಪುಡಿ ಉದುರುವಷ್ಟು ಮೆತ್ತಗೆ. ಪುಟ್ಟಿ ಸಲೀಸಾಗಿ ಉಜ್ಜಿಸಿಕೊಳ್ಳುವುದು ಅದರಿಂದಲೇ. ಗಟ್ಟಿಯಾದ ಪುಟ್ಟಿಯಲ್ಲೂ ಸಣ್ಣ ಸಣ್ಣ ತೂತುಗಳಿರುತ್ತವೆ, ನೀರು ಹಾಕಿ ಉಜ್ಜಿದರೆ ಕುಡಿದುಬಿಡುತ್ತದೆ. ಆ ನೀರು ತಗಡಿಗೆ ತಲುಪಿದರೆ ಒಳಗೊಳಗೇ ತುಕ್ಕು.

ಜೊತೆಗೆ ಸಣ್ಣ ಟ್ಯೂಬಿನಲ್ಲಿ ಬರುವ, ಪುಟ್ಟಿಯನ್ನು ಗಟ್ಟಿ ಮಾಡುವ ಹಾರ್ಡನರ್‌ನಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಇರುತ್ತದೆ. ತೂಕದ ಲೆಕ್ಕದಲ್ಲಿ ನೂರಕ್ಕೆ ಎರಡರಷ್ಟು ಹಾಕಿದರೆ ಸಾಕು. ಅದು ಒಡೆದು ಕಿಡಿ ಹಚ್ಚಿದ ಹಾಗೆ ಅಣುಗಳನ್ನು ಒಂದಕ್ಕೊಂದು ಕೊಂಡಿ ಹಾಕಿಸುತ್ತಾ ಹೋಗುತ್ತದೆ, ಪುಟ್ಟಿ ಬಿಸಿಯೂ ಆಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಇದು ಸೋಮಾರಿ. ಕಲಬುರಗಿಯ ಮೇ ಮಧ್ಯಾಹ್ನ ಕಲಸುವ ಹಲಗೆ ಮೇಲೇ ಕಲ್ಲಾಗಿ ಕೂರುತ್ತದೆ. ಬೇಗ ಆಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ, ಉಳಿದ ಪೆರಾಕ್ಸೈಡ್ ಬಣ್ಣಕ್ಕೂ ಏರಿ ಕಲೆ ಎಬ್ಬಿಸಬಹುದು. ಕಲಸುವಾಗಲೂ ಮೊಟ್ಟೆ ಕಡೆದ ಹಾಗೆ ಕಡೆಯಬಾರದು. ಒಳಗೆ ಸೇರಿದ ಗಾಳಿಗುಳ್ಳೆಗಳೇ ಆಮೇಲೆ ಸೂಜಿಮೊನೆ ತೂತುಗಳಾಗುತ್ತವೆ. ಹಲಗೆ ಮೇಲೆ ಹರಡಿ, ಮಡಚಿ, ಒತ್ತಬೇಕು.

ಗೀರು ಒಂದು ಕಥೆ, ಅಲೆ ಇನ್ನೊಂದು. ನಾನು ಪೇಪರನ್ನು ಬರೀ ಬೆರಳಲ್ಲಿ ಹಿಡಿದು ಉಜ್ಜಿದ್ದೆ. ಪುಟ್ಟಿ ಮೆತ್ತಗೆ, ಸುತ್ತಲಿನ ಹಳೇ ಬಣ್ಣ ಗಟ್ಟಿ. ಬೆರಳು ಮೆತ್ತನೆಯ ಕಡೆಗೇ ಇಳಿಯುತ್ತದೆ. ನುಣುಪಾಯಿತು, ಸಮ ಆಗಲಿಲ್ಲ. ಪೇಪರನ್ನು ಉದ್ದನೆಯ ಮರದ ಬ್ಲಾಕಿಗೆ ಸುತ್ತಿದರೆ ಅದು ಸೇತುವೆಯ ಹಾಗೆ ತಗ್ಗನ್ನು ದಾಟಿ ಉಬ್ಬನ್ನು ಮಾತ್ರ ಕೆರೆಯುತ್ತದೆ. ಮೇಸ್ತ್ರಿ ಮೊದಲು ಕಪ್ಪು ಪುಡಿ ಸವರಿ ಆಮೇಲೆ ಬ್ಲಾಕ್ ಹಾಕುತ್ತಾರೆ. ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ತಗ್ಗು.

ಬೂದು ಪ್ರೈಮರಿನ ಮೇಲೆ ಅಲೆ ಕಣ್ಣಿಗೆ ಬೀಳುವುದಿಲ್ಲ, ಅದು ಬೆಳಕನ್ನು ಎಲ್ಲಾ ಕಡೆಗೂ ಚೆಲ್ಲುತ್ತದೆ. ಹೊಳಪು ಬಂದ ಮೇಲೆ ಬಾಗಿಲು ಕನ್ನಡಿ. ಕನ್ನಡಿ ಒಂದು ಡಿಗ್ರಿ ವಾಲಿದರೆ ಪ್ರತಿಫಲನ ಎರಡು ಡಿಗ್ರಿ ತಿರುಗುತ್ತದೆ. ಮೂರು ಮೀಟರ್ ದೂರಕ್ಕೆ ಅದು ಸುಮಾರು ಹತ್ತು ಸೆಂಟಿಮೀಟರ್. ಬಾಗಿಲೊಳಗೆ ಕಾಣುವ ಟ್ಯೂಬ್‌ಲೈಟ್ ಹಾವಿನ ಹಾಗೆ ಬಳುಕಲು ಅಷ್ಟು ಬೇಡವೇ ಬೇಡ.

ಹೊಳಪು ಬರುವ ಮೊದಲೇ ಗೊತ್ತಾಗಬೇಕಾದರೆ ಕೈಯೇ ಗತಿ. ಸ್ಟಾಕ್‌ಹೋಮಿನ ಕೆಟಿಎಚ್ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಬೆರಳಿನ ಪರೀಕ್ಷೆ ಮಾಡಿದ್ದರು. ಬರೀ 13 ನ್ಯಾನೋಮೀಟರ್ ಎತ್ತರದ ಸುಕ್ಕುಗಳಿರುವ ಮೈಯನ್ನೂ ನುಣುಪು ಮೈಯನ್ನೂ ಜನ ಸವರಿಯೇ ಬೇರೆ ಮಾಡಿದರು. ಒಂದು ಮೈಕ್ರಾನ್ ಅಂದರೆ 1000 ನ್ಯಾನೋಮೀಟರ್. ಷರತ್ತು ಒಂದೇ, ಬೆರಳು ಚಲಿಸುತ್ತಿರಬೇಕು. ಸುಮ್ನೆ ಒತ್ತಿ ಹಿಡಿದರೆ ಚರ್ಮಕ್ಕೆ ಇಷ್ಟು ಸೂಕ್ಷ್ಮ ಸಿಗುವುದಿಲ್ಲ.

ನನ್ನ ಬಾಗಿಲಿಗೆ ಮೇಸ್ತ್ರಿ ಒಂದು ತೆಳು ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಅಂಗೈ ಇಟ್ಟು ಉದ್ದಕ್ಕೆ ಎಳೆದರು. ಬಟ್ಟೆ ಇದ್ದರೆ ಕೈ ಅಂಟಿ ಜಗ್ಗುವುದಿಲ್ಲ, ಏರಿಳಿತ ಮಾತ್ರ ತಿಳಿಯುತ್ತದೆ. ಎಳೆಯುತ್ತಾ ಎಳೆಯುತ್ತಾ ಪೆನ್ಸಿಲ್ ತೆಗೆದುಕೊಂಡರು. ನಾನು ತೋರಿಸಿದ್ದು ಒಂದು ಅಲೆ. ಅವರು ನಾಲ್ಕು ಕಡೆ ಸುತ್ತು ಹಾಕಿದರು.